ಓರಗಿತ್ತಿಯರ ಮನೆಯ ನಕ್ಷೆ

ಹಳೆ ಮನೆ ಕೆಡವಿ ಹೊಸದು ಕಟ್ಟಿಸುವುದೆಂದು ಅಣ್ಣತಮ್ಮಂದಿರು ತೀರ್ಮಾನಿಸಿದರು. ಬಂದ ಆರ್ಕಿಟೆಕ್ಟ್ ಹುಡುಗಿ ಟೇಪು ಬಿಚ್ಚುವ ಮೊದಲೇ, "ಮನೇಲಿ ಹೆಚ್ಚು ಹೊತ್ತು ಇರೋರು ಯಾರು? ಅವರ ಹತ್ರ ಮಾತಾಡಬೇಕು" ಎಂದು ದೊಡ್ಡ ಸೊಸೆಯ ಎದುರು ಬಂದು ಕೂತಳು.

ಮದುವೆಯಾಗಿ ಬಂದಾಗಿನಿಂದ ಅವಳನ್ನು ಏನು ಬೇಕೆಂದು ಕೇಳಿದವರಿಲ್ಲ. "ಎಲ್ಲಾ ನಿನಗೆ ಬಿಟ್ಟಿದ್ದು" ಎಂದು ಜಾರಿಕೊಂಡಳು. ಹುಡುಗಿ ಜಗ್ಗಲಿಲ್ಲ. ಮೊದಲು ಏಳುವವರು ಯಾರು, ಬೇಸರವಾದಾಗ ಎಲ್ಲಿ ಹೋಗಿ ಕೂರುತ್ತೀರಿ ಎಂದೆಲ್ಲ ಕೇಳಿದಳು. ದೊಡ್ಡ ಸೊಸೆ ಆಚೀಚೆ ನೋಡಿ ದನಿ ತಗ್ಗಿಸಿದಳು.

"ನನಗೊಂದು ಬೇರೆ ಅಡುಗೆಮನೆ ಮಾಡಿಕೊಡು ತಾಯಿ. ಮೈದುನನ ಹೆಂಡತಿ ಕೆಟ್ಟವಳಲ್ಲ. ಆದ್ರೆ ಅವಳ ಬಾಯಿಗೆ ಬೀಗ ಇಲ್ಲ, ಇಟ್ಟ ಪಾತ್ರೆ ಇಟ್ಟಲ್ಲಿರಲ್ಲ. ನಾನು ಹೇಳಿದೆ ಅಂತ ಮಾತ್ರ ಬಾಯಿಬಿಡಬೇಡ."

ಕೆಲವು ವಾರಗಳಲ್ಲಿ ಕರಡು ನಕ್ಷೆ ಬಂತು. ಎರಡು ಅಡುಗೆಮನೆ, ನಡುವೆ ಗಟ್ಟಿ ಗೋಡೆ. "ಇದ್ಯಾಕೆ ಎರಡು?" ಎಂದು ದೊಡ್ಡ ಸೊಸೆಯ ಯಜಮಾನರು ಹುಬ್ಬೇರಿಸಿದರು.

"ಈ ಮನೆಗೆ ಹೀಗೇ ಸರಿ ಅನಿಸ್ತು. ಬೇಡ ಅಂದ್ರೆ ಅಳಿಸ್ತೀನಿ, ಇನ್ನೂ ಪೆನ್ಸಿಲ್ಲಿನಲ್ಲೇ ಇದೆ."

ಯಾರೂ ಬೇಡವೆನ್ನಲಿಲ್ಲ. ಬಾಯಿಗೆ ಬೀಗವಿಲ್ಲದ ಓರಗಿತ್ತಿಯೂ ತಲೆಯಾಡಿಸಿ ಎದ್ದು ಹೋದಳು. ಅದನ್ನು ಕಂಡು ದೊಡ್ಡವಳು ಅಂದು ಅರ್ಧ ಊಟಕ್ಕೇ ಎದ್ದಳು.

ಆಮೇಲೆ ಬಂದದ್ದು ರಟ್ಟಿನ ಮಾದರಿ. ಛಾವಣಿ ಎತ್ತಿದರೆ ಕೋಣೆಗಳೆಲ್ಲ ಕಾಣುತ್ತಿದ್ದವು. ಓರಗಿತ್ತಿ ಬಗ್ಗಿ ನೋಡಿ ನಡುಗೋಡೆಯ ಮೇಲೆ ಬೆರಳಿಟ್ಟಳು.

"ಇಲ್ಲೊಂದು ಕಿಟಕಿ ಬರಲಿ. ಅಕ್ಕಾ, ಬೇರೆ ಅಡುಗೆಮನೆ ಬೇಕು ಅಂತ ಗುಟ್ಟಾಗಿ ಕೇಳಿದ್ದು ನಾನೇ. ಪಾತ್ರೆ ಒಂಚೂರು ಜರುಗಿದ್ರೂ ನೀವು ಮುಖ ಊದಿಸ್ಕೋತೀರಿ. ಆದ್ರೆ ಈ ಗೋಡೆ ನೋಡಿದ್ರೆ ಸಂಕಟ ಆಗುತ್ತೆ."

"ಅಯ್ಯೋ, ನಾನೂ ಅದನ್ನೇ ಕೇಳಿದ್ದೆ ಕಣೇ!"

ದೊಡ್ಡವಳಿಗೆ ನಗು ಬಂತು, ಕಣ್ಣೂ ತುಂಬಿತು. ಇಬ್ಬರ ಗುಟ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಹುಡುಗಿ ಏನೂ ಕೇಳಿಸದವಳಂತೆ ಬ್ಲೇಡು ಹಿಡಿದು ರಟ್ಟಿನಲ್ಲಿ ಕಿಟಕಿ ಕೊರೆಯುತ್ತಿದ್ದಳು.

ಕಿಟಕಿಗಾಗಿ ಕಪಾಟು ಜರುಗಿತು, ಕಪಾಟಿಗಾಗಿ ನೀರಿನ ಪೈಪು ಜರುಗಿತು. ನಕ್ಷೆಯನ್ನೆಲ್ಲ ಹೊಸದಾಗಿ ಬರೆಯಬೇಕಾಯಿತು. ಹುಡುಗಿ ಗೊಣಗದೆ ಬರೆದಳು. ಗೋಡೆ ಏಳುವಾಗ ಓರಗಿತ್ತಿಯರನ್ನು ಆಚೀಚೆ ನಿಲ್ಲಿಸಿ, ಮುಖಕ್ಕೆ ಮುಖ ಕಾಣುವ ಎತ್ತರಕ್ಕೆ ಮೇಸ್ತ್ರಿಯಿಂದ ಗುರುತು ಹಾಕಿಸಿದಳು.

ಮನೆ ಮುಗಿದ ಮೇಲೆ, ಬಾಗಿಲುಗಳು ಸರಿಯಾಗಿ ಕೂತಿವೆಯೇ ಎಂದು ನೋಡಲು ಬಂದವಳ ಕೈಯನ್ನು ದೊಡ್ಡ ಸೊಸೆ ಗಟ್ಟಿಯಾಗಿ ಹಿಡಿದುಕೊಂಡಳು.

"ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ. ಈಗ ನಾವು ದಿನಾ ಮಾತಾಡ್ತೀವಿ, ಜಗಳಾನೂ ಆಡ್ತೀವಿ. ಮುನಿಸು ಮಾತ್ರ ಇಲ್ಲ."

"ಅಕ್ಕಾ, ಈ ಹುಡುಗಿ ಊಟ ಇವತ್ತು ಇಲ್ಲೇ!" ಕಿಟಕಿಯಾಚೆಯಿಂದ ಓರಗಿತ್ತಿ ಕೂಗಿದಳು.

"ಅದ್ಹೇಗೆ? ನಾನು ಆಗಲೇ ಒಲೆ ಹಚ್ಚಿದ್ದೀನಿ!"

ಪಾಪ, ಹುಡುಗಿ ಅಂದು ಎರಡೂ ಅಡುಗೆಮನೆಯಲ್ಲಿ ಉಂಡಳು.