ಕಪ್ಪು ತಲೆಯ ಇಲಿಗಳು

"ಸಹಿ ಹಾಕು ರೇವಾಬೆನ್. ಇಲಿಗಳನ್ನ ನೋಡ್ಕೊಂಡವಳು ನೀನೇ ಅಲ್ವಾ?" ಪ್ರಯೋಗಾಲಯದ ಮುಖ್ಯಸ್ಥ ವೈಷ್ಣವ್ ಸಾಹೇಬರು ವರದಿಯನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದರು.

ರೇವಾಬೆನ್ ಪೆನ್ನು ಮುಟ್ಟಲಿಲ್ಲ. ಗುಜರಾತಿನ ವಾಪಿಯ ಆ ಪ್ರಯೋಗಾಲಯದ ಇಲಿಮನೆಯಲ್ಲಿ ಅವಳಿಗೆ ಹದಿನೇಳು ವರ್ಷ. ಊರಿನ ಕಾರ್ಖಾನೆಯೊಂದರಲ್ಲಿ ಕಬ್ಬಿಣದ ಬಿಡಿಭಾಗಗಳ ಜಿಡ್ಡು ತೊಳೆಯುವ ದ್ರಾವಣವನ್ನು ತೊಂಬತ್ತು ದಿನ ನೀರಿಗೆ ಬೆರೆಸಿ ಬಿಳಿ ಇಲಿಗಳಿಗೆ ಕುಡಿಸಿದ್ದವಳು ಅವಳೇ. ಅವುಗಳ ಲಿವರ್‌ಗೆ ಏನೂ ಆಗಿರಲಿಲ್ಲ. ವರದಿಯ ಒಂದೊಂದು ಅಕ್ಷರವೂ ನಿಜ.

ಅದೇ ಕಾರ್ಖಾನೆಯಲ್ಲಿ ಆ ದ್ರಾವಣದ ತೊಟ್ಟಿಯ ಮುಂದೆ ಒಂಬತ್ತು ವರ್ಷ ನಿಂತ ಅವಳ ಗಂಡ ಧನ್‌ಸುಖ್ ಈಗ ಕಣ್ಣೆಲ್ಲ ಹಳದಿಯಾಗಿ ಮನೆಯಲ್ಲಿ ಬಿದ್ದಿದ್ದ. ಕುಡಿದು ಕುಡಿದು ಲಿವರ್ ಹಾಳುಮಾಡಿಕೊಂಡಿದ್ದಾನೆ ಎಂದು ಕಾರ್ಖಾನೆಯ ಡಾಕ್ಟರು ಬರೆದುಕೊಟ್ಟ ಮೇಲೆ ಕೆಲಸವೂ ಹೋಗಿತ್ತು. ಮದ್ಯ ನಿಷೇಧದ ನಾಡಿನಲ್ಲಿ, ಈರುಳ್ಳಿಯನ್ನೂ ಮುಟ್ಟದ ಮನುಷ್ಯನ ಮೇಲೆ ಈ ಮಾತು! ನಾಳಿದ್ದು ಲೇಬರ್ ಕೋರ್ಟಿನಲ್ಲಿ ಅವನು ಹಾಕಿದ ಕೇಸಿಗೆ ಉತ್ತರವಾಗಿ ಕಂಪನಿಯವರು ಮುಂದಿಡುವುದು ಇದೇ ವರದಿಯನ್ನು.

"ಮೊದಲು ಕಪ್ಪು ತಲೆಯ ತಳಿ ತಂದಿದ್ವಲ್ಲ ಸಾಹೇಬ್, ಪೆಟ್ಟಿಗೇಲಿಟ್ಟು ಇದೇ ದ್ರಾವಣದ ಆವಿ ಬಿಟ್ವಲ್ಲ. ಹನ್ನೆರಡರಲ್ಲಿ ಒಂಬತ್ತರ ಲಿವರ್ ಕಳಿತ ಬಾಳೆಹಣ್ಣಿನ ಹಾಗೆ ಮೆತ್ತಗಾಗಿತ್ತು. ನಾನೇ ತೂಕ ಹಾಕಿದ್ದು. ಅವೆಲ್ಲಿ ಇದರಲ್ಲಿ?"

"ಅದು ನಾಜೂಕು ತಳಿ. ಬರೀ ಅಂದಾಜಿಗೆ ಮಾಡಿದ್ದು. ಕಂಪನಿಯವರು ಕೇಳಿದ್ದು ಬಿಳಿ ತಳಿ, ನೀರಿನಲ್ಲಿ."

"ಕೇಳ್ತಾರೆ, ಯಾಕೆ ಕೇಳಲ್ಲ! ತೊಟ್ಟಿ ಮುಂದೆ ನಿಂತವನು ಅದನ್ನ ಲೋಟಕ್ಕೆ ಬಗ್ಗಿಸ್ಕೊಂಡು ಕುಡೀತಾನಾ? ಉಸಿರಾಡ್ತಾನೆ!"

"ಮನುಷ್ಯ ಇಲಿಯಲ್ಲ, ಬೆನ್."

"ಹಾಗಾದ್ರೆ ಇಲಿಗೇನೂ ಆಗ್ಲಿಲ್ಲ ಅಂತ ಮನುಷ್ಯನ ಬಾಯಿ ಯಾಕೆ ಮುಚ್ಚಿಸ್ತೀರ?"

ಸಾಹೇಬರು ಕನ್ನಡಕ ಒರೆಸಿಕೊಂಡರು. ಅವಳು ಪೆನ್ನು ಎತ್ತಿಕೊಂಡು, ಸಹಿಯ ಜಾಗದಲ್ಲಿ ಕಪ್ಪು ತಲೆಯ ಇಲಿಗಳ ಲೆಕ್ಕವನ್ನು ಗುಜರಾತಿಯಲ್ಲಿ ಒತ್ತಿ ಒತ್ತಿ ಬರೆದಳು. ಸಾಹೇಬರು ಓದಿ, ಆ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು. "ಪ್ರವೀಣನ್ನ ಕಳಿಸು."

ಭಾನುವಾರಗಳಲ್ಲಿ ಪಂಜರ ತೊಳೆಯುವ ಪ್ರವೀಣ ಬಂದು, ಹೊಸ ಹಾಳೆಗೆ ಸಹಿ ಹಾಕಿದ. ಹೊರಗೆ ಅವಳು ಎದುರಾದಾಗ ಗೋಡೆ ನೋಡುತ್ತಾ, "ನನಗೂ ಮನೆ ಅಂತ ಒಂದಿದೆ ಬೆನ್," ಎಂದ.

"ನಿಜ ಬರೆಯೋಕೆ ಮನೆ ಇಲ್ದೋರೇ ಬೇಕೇನೋ, ಹೇಡಿ?"

ಸಂಜೆ ಅವಳು ವಠಾರ ತಲುಪಿದಾಗ, ಪಕ್ಕದ ಮನೆಯ ಮಣಿಬೆನ್ ಹೆಸರುಬೇಳೆ ಕಟ್ಟಿನ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಧನ್‌ಸುಖ್ ಮಂಚದ ಮೇಲೆ ಕಷ್ಟಪಟ್ಟು ಎದ್ದು ಕೂತು, ಮಣಿಬೆನ್ ಹೇಗಿದ್ದೀರಿ ಎಂದು ಕೇಳುವ ಮೊದಲೇ ಬಾಯಗಲಿಸಿ ಅವಳತ್ತ ಉಸಿರು ಬಿಟ್ಟ.

"ನೋಡಿ ಬೆನ್, ಹೆಂಡದ ವಾಸನೆ ಇದೆಯಾ, ನೀವೇ ಹೇಳಿ."

ಮಣಿಬೆನ್ ಸೆರಗನ್ನು ಮೂಗಿನವರೆಗೆ ಒಯ್ದವಳು, ನಾಚಿ, ಕೈ ಇಳಿಸಿದಳು.