ಏಳನೆಯ ಪಾಠದ ತಿದ್ದುಪಡಿ

ತಮ್ಮ ತೀರಿಕೊಂಡ ಸುದ್ದಿ ಅಕ್ಕನಿಗೆ ತಲುಪಿದ್ದು ಬುಧವಾರ ಮಧ್ಯಾಹ್ನ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದವನು ಹಾಗೆಯೇ ಮೇಜಿನ ಮೇಲೆ ತಲೆಯಿಟ್ಟನಂತೆ. ಅಂಗಡಿಯ ಯಜಮಾನರು ಫೋನಿನಲ್ಲಿ ಅಳುತ್ತಲೇ ಹೇಳಿದರು.

ಐದನೆಯ ದಿನ ಇನ್ನೊಂದು ಫೋನು ಬಂತು. ಹೆಂಗಸಿನ ದನಿ.

"ಅಕ್ಕಾ, ನಾನು ಗೂಬೆ ಮಾತಾಡ್ತಿರೋದು."

"ಯಾರು?"

"ಗೂಬೆ. ಪಾಠ ಕಲಿಯೋ ನಮ್ಮ ಬಳಗದಲ್ಲಿ ಎಲ್ಲರೂ ನನ್ನ ಹಾಗೇ ಕರೆಯೋದು. ಮೇಷ್ಟ್ರ ಪಾಠಗಳ ಪಾಸ್‌ವರ್ಡ್ ನಿಮ್ಮ ಹತ್ರ ಇದೆಯಾ? ಹೊಸಬರನ್ನ ಸೇರಿಸೋಕೆ ಬೇಕಿತ್ತು."

"ಸಾವಾದ ಮನೆಗೆ ಫೋನ್ ಮಾಡೋಕೆ ಒಳ್ಳೇ ಹೆಸರಿಟ್ಕೊಂಡಿದ್ದೀಯಮ್ಮ!" ಎಂದು ಅಕ್ಕ ಫೋನಿಟ್ಟರು.

ಮೇಷ್ಟ್ರು ಎಂದರೆ ಅವರ ತಮ್ಮನೇ. ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆಗಳಲ್ಲಿ ಯಾರೂ ಕೇಳರಿಯದ ಒಂದನ್ನು ಅವನು ಹಚ್ಚಿಕೊಂಡಿದ್ದ. ಅದನ್ನು ಬಲ್ಲವರನ್ನೆಲ್ಲ ಗುಡ್ಡೆ ಹಾಕಿದರೂ ಒಂದು ಸಿನಿಮಾ ಮಂದಿರ ತುಂಬದು. ಹೊಸದಾಗಿ ಕಲಿಯುವವರಿಗೆಂದು ನಲವತ್ತು ಪಾಠ ಬರೆದು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇಟ್ಟಿದ್ದ. ಪುಕ್ಕಟೆ ಎಂಬ ಮಾತೇ ಅಕ್ಕನಿಗೆ ಆಗದು. ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವರು; ಪರರ ಬರಹಕ್ಕೆ ತಮ್ಮ ಹೆಸರು ಅಂಟಿಸಿಕೊಂಡವರನ್ನು ಕಣ್ಣಾರೆ ಕಂಡವರು.

ತಮ್ಮನ ಕಂಪ್ಯೂಟರು ತೆರೆದು, ಅವನ ಪುಸ್ತಕದಲ್ಲಿದ್ದ ಪಾಸ್‌ವರ್ಡ್ ಒತ್ತಿ ಒಳಹೊಕ್ಕರು. ಏಳನೆಯ ಪಾಠ ಕೊನೆಯ ಸಲ ಬದಲಾದದ್ದು ಶುಕ್ರವಾರ ಎಂದಿತ್ತು. ಬುಧವಾರ ಕಣ್ಣು ಮುಚ್ಚಿದವನು ಶುಕ್ರವಾರ ಬರೆದಾನೆಯೇ? ತಮ್ಮ ಹಿಂದೊಮ್ಮೆ ಕೊಟ್ಟಿದ್ದ ಅಚ್ಚಿನ ಪ್ರತಿ ತಂದು ಸಾಲಿಗೆ ಸಾಲು ಹಿಡಿದರು. ಆ ಪಾಠದಲ್ಲಿ ಅವನದೆಂಬ ಒಂದು ವಾಕ್ಯವೂ ಉಳಿದಿರಲಿಲ್ಲ; ತಿದ್ದಿದ ತಾರೀಖುಗಳಲ್ಲಿ ಅವನು ಬದುಕಿದ್ದ ದಿನಗಳವೂ ಇದ್ದವು. ಇದ್ದಾಗಲೇ ಶುರುವಾದ ಕಳ್ಳತನ ಎಂದುಕೊಂಡು, ಏಳನೆಯ ಪಾಠವನ್ನು ಅಚ್ಚಿನಲ್ಲಿದ್ದಂತೆಯೇ ಮತ್ತೆ ಕೂಡಿಸಿ, ಬೇರೆಯವರು ಕೈ ಹಾಕದಂತೆ ಬೀಗದ ಗುರುತನ್ನು ಒತ್ತಿದರು.

ಮರುದಿನ ತಮ್ಮನ ಕಂಪ್ಯೂಟರಿಗೆ ಹದಿಮೂರು ಪತ್ರಗಳು ಬಂದವು. ಎಲ್ಲರೂ ಏಳನೆಯ ಪಾಠದಲ್ಲೇ ಸಿಕ್ಕಿಬಿದ್ದಿದ್ದರು. ಹದಿಮೂರೂ ಆ ಗೂಬೆ ಒಬ್ಬಳದೇ ಕೈವಾಡ ಎಂದು ಅಕ್ಕ ತೀರ್ಮಾನಿಸಿದರು.

ಆ ಒಬ್ಬಳು ಸಂಜೆ ಬಾಗಿಲಿಗೇ ಬಂದಳು. ನಲವತ್ತು ದಾಟಿದ ಬಸ್ ಡ್ರೈವರ್. ಕೆಲಸದ ಅಂಗಿಯನ್ನೂ ಬದಲಿಸಿರಲಿಲ್ಲ.

"ಬೀಗ ಹಾಕಿದ್ದು ನೀವೇನಾ ಅಕ್ಕಾ?"

"ಹೌದಮ್ಮ. ಶುಕ್ರವಾರ ಪಾಠಕ್ಕೆ ಕೈ ಹಾಕಿದ ಕಳ್ಳರಿಗೆ ಬಾಗಿಲು ತೆಗೆದು ಕಾಫಿ ಕೊಡ್ಲಾ?"

"ಕೊಟ್ರೆ ಬೇಡ ಅನ್ನಲ್ಲ. ಶುಕ್ರವಾರ ತಿದ್ದಿದ್ದು ನಾನಲ್ಲ, ಒಬ್ಬ ನರ್ಸಮ್ಮ. ಬಳಗಕ್ಕೆ ಸೇರಿದವರು ಎಲ್ಲಿ ಸಿಕ್ಕಿಕೊಂಡ್ರೋ ಆ ಸಾಲನ್ನ ಅವರೇ ಬಿಡಿಸಿ ಬರೀಬೇಕು, ಆಮೇಲೇ ಮುಂದಿನ ಪಾಠ. ಮೇಷ್ಟ್ರು ಮಾಡಿದ ನಿಯಮ ಅದು."

"ಅವನೇ ಮಾಡಿದ್ದು ಅನ್ನೋಕೆ ಸಾಕ್ಷಿ?"

"ಸಾಕ್ಷಿ ಹೇಳೋರು ಹೋಗ್ಬಿಟ್ರಲ್ಲ. ನೀವೇ ಪಾಠ ಕಲಿತು ನೋಡಿ."

ಸವಾಲು ಅಕ್ಕನಿಗೆ ನಾಟಿತು. ಗೂಬೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕನ್ನಡಕ ಏರಿಸಿ ಕುಳಿತೇಬಿಟ್ಟರು. ಆರು ಪಾಠ ಸರಾಗವಾಗಿ ಸಾಗಿದವು. ಏಳನೆಯದರಲ್ಲಿ ತಾವೇ ಮರಳಿ ಕೂಡಿಸಿದ ತಮ್ಮನ ವಾಕ್ಯ ಬಂತು: 'ಈಗ ಮೇಲಿನ ಪೆಟ್ಟಿಗೆಯನ್ನು ಖಾಲಿ ಮಾಡಿ.' ಅಕ್ಕ ಹಿಂದಿನ ಪುಟಗಳನ್ನೆಲ್ಲ ತಡಕಿದರು. ಊಹಿಸಿ ಮೂರು ಸಲ ಉತ್ತರ ಒತ್ತಿದರು. ಕಂಪ್ಯೂಟರು ಮೂರು ಸಲವೂ ತಪ್ಪು ಎಂದಿತು.

"ಯಾವ ಪೆಟ್ಟಿಗೆಯೇ ಇದು?"

"ಮೇಷ್ಟ್ರ ತಲೆಯೊಳಗಿದ್ದ ಪೆಟ್ಟಿಗೆ ಅಕ್ಕಾ. ಪಾಠದಲ್ಲಿ ಎಲ್ಲೂ ಕಾಣಲ್ಲ, ಕೇಳಿದವರಿಗೆ ಬಾಯಲ್ಲೇ ಹೇಳ್ತಿದ್ರು."

ಅಕ್ಕನಿಗೆ ನಗು ಬಂತು, ಜೊತೆಗೇ ಕಣ್ಣು ತುಂಬಿತು. ಹೋದವರ ಬರಹದ ಒಂದು ಅಕ್ಷರವನ್ನೂ ಅವರು ಎಂದೂ ಮುಟ್ಟಿದವರಲ್ಲ. ಈ ಸಾಲು ಅಳಿಸಿದರೆ ತಮ್ಮನ ಮಾತು ಅಷ್ಟರಮಟ್ಟಿಗೆ ಲೋಕದಿಂದ ಹೋದಂತೆ. ಉಳಿಸಿದರೆ ಹದಿಮೂರು ಜನ ಅವನ ಬಾಗಿಲಲ್ಲೇ ನಿಂತಿರುತ್ತಾರೆ.

"ನಿನ್ನನ್ನ ನಾನಿನ್ನೂ ನಂಬಿಲ್ಲ," ಎಂದರು.

"ನಂಬಬೇಡಿ. ಬೀಗ ತೆಗೀರಿ, ಸಾಕು."

"ಪಾಸ್‌ವರ್ಡ್ ಇಬ್ಬರ ಹತ್ರಾನೂ ಇರ್ಲಿ. ಆದ್ರೆ ಬದಲಾದ ಒಂದೊಂದು ಸಾಲನ್ನೂ ಓದ್ತೀನಿ, ನೆನಪಿರಲಿ."

ಬೀಗ ತೆಗೆದರು. ಪೆಟ್ಟಿಗೆ ಎಂದರೆ ಲೆಕ್ಕದ ನಡುವೆ ಕಂಪ್ಯೂಟರು ಅಂಕಿ ತೆಗೆದಿಡುವ ಜಾಗವೆಂದು ಗೂಬೆಯ ಬಾಯಿಂದ ಎರಡು ಸಲ ಕೇಳಿ ತಿಳಿದು, ತಮ್ಮನ ಸಾಲನ್ನು ಅಳಿಸಿ, ಆ ಜಾಗದಲ್ಲಿ ತಮ್ಮದೇ ಎರಡು ವಾಕ್ಯ ಬರೆದರು. ಬಳಿಕ ಕೈ ಮುಗಿದರು.

"ದೇವರೇ, ಅವನ ಮಾತನ್ನು ನನ್ನ ಕೈಯಾರೆ ಅಳಿಸಿದ್ದೇನೆ, ಕ್ಷಮಿಸು. ಗೊತ್ತಿದ್ದನ್ನು ಬಚ್ಚಿಡದೆ ಹಂಚಿದವನು ನನ್ನ ತಮ್ಮ. ಅವನ ಕೈ ಹಿಡಿದು ನಿನ್ನ ಬಳಿ ಕೂರಿಸಿಕೋ. ಅವನ ಜೀವ ತಣ್ಣಗಿರಲಿ."