ಕಪ್ಪು ಪಟ್ಟಿಯ ಕೆಳಗಿನ ಚರ್ಮ

ಕ್ಷೌರಿಕನ ಬೆನ್ನು, ಮೊಣಕಾಲುಗಳ ಸೋರಿಯಾಸಿಸ್ ಬಟ್ಟೆಯೊಳಗೆ ತೆಪ್ಪಗಿತ್ತು. ಬಲ ಮುಂಗೈಯದು ಮಾತ್ರ ಅವನ ಅನ್ನಕ್ಕೇ ಕಲ್ಲು ಹಾಕಿತು. ಹೊಟ್ಟು ಉದುರುವ ಆ ಕೈ ಕಂಡು ಗಿರಾಕಿಗಳು ಅರ್ಧ ಗಡ್ಡದಲ್ಲೇ ಎದ್ದು ಹೋಗುತ್ತಿದ್ದರು. ಅಂಗಡಿ ಅಕ್ಕನ ಗಂಡನದು. ಕೈ ಚೊಕ್ಕವಾಗುವವರೆಗೆ ಕತ್ತರಿ ಮುಟ್ಟಕೂಡದು, ಆರು ತಿಂಗಳು ನೋಡಿ ಬೇರೆಯವನನ್ನು ತರುತ್ತೇನೆ ಎಂದು ಭಾವ ಎಲ್ಲರೆದುರೇ ಹೇಳಿದ. ಭಾವನ ಕತ್ತಿಗಿಂತ ನಾಲಿಗೆಯೇ ಹರಿತ.

ಆಸ್ಪತ್ರೆಯಲ್ಲಿ ಬೆಳಕಿನ ಚಿಕಿತ್ಸೆ ಪುಕ್ಕಟೆ ಎಂದು ಕೇಳಿ ಓಡಿದ. ಪುಕ್ಕಟೆ ಯಾಕೆಂದರೆ ಅದು ಡಾಕ್ಟರಮ್ಮನ ಪ್ರಯೋಗ. ಇಂಥ ಚರ್ಮದ ಜೀವಕೋಶಗಳು ಸುಮ್ಮಸುಮ್ಮನೆ ಬೆಂಕಿ ಬಿತ್ತೆಂದು ಒಂದಕ್ಕೊಂದು ಸಂದೇಶದ ಅಣುಗಳನ್ನು ಕಳಿಸುತ್ತವೆ, ಉರಿಯೂತ ಅದರಿಂದಲೇ, ನೇರಳಾತೀತ ಬೆಳಕು ಅವನ್ನು ಇಳಿಸುತ್ತದೋ ನೋಡಬೇಕು ಎಂದು ಆಕೆ ವಿವರಿಸಿದಳು. ಹೋಲಿಕೆಗಾಗಿ ಒಬ್ಬೊಬ್ಬರ ಅತಿ ಕೆಟ್ಟ ಕಲೆಗೆ ಬೆಳಕು ತಾಗದಂತೆ ಕಪ್ಪು ಪಟ್ಟಿ. ಕೊನೆಗೆ ಎರಡೂ ಕಡೆಯಿಂದ ಕಾಳಿನಷ್ಟು ಚರ್ಮ ತೆಗೆದು ಅಳೆಯುವುದು. ಅವನ ಪಟ್ಟಿ ಬಲಗೈಗೆ ಬಂತು. ಬೆನ್ನಿಗೆ ಅಂಟಿಸಿ ಎಂದು ಗೋಗರೆದ. ಆಕೆ ತಲೆಯೆತ್ತಲೇ ಇಲ್ಲ.

ಚೊಕ್ಕ ಬೆನ್ನು ಇಟ್ಟುಕೊಂಡು ಯಾರ ಕ್ಷೌರ ಮಾಡುವುದು? ಮೂರನೆಯ ವಾರದಿಂದ ಆಳೆತ್ತರದ ಬೆಳಕಿನ ಪೆಟ್ಟಿಗೆಯೊಳಗೆ ಹೋದೊಡನೆ ಪಟ್ಟಿ ಎತ್ತಿ, ಹೊರಬರುವಾಗ ಮತ್ತೆ ಒತ್ತತೊಡಗಿದ. ಒಳ್ಳೆಯ ಮನಸ್ಸು ಬೇರೆ ಇತ್ತಲ್ಲ ಪುಣ್ಯಾತ್ಮನಿಗೆ, ಬೆಂಚಿನ ಮೇಲೆ ಸರದಿ ಕಾಯುವ ಉಳಿದ ಹತ್ತು ಜನರಿಗೂ ಗುಟ್ಟಾಗಿ ಉಪಾಯ ಹೇಳಿಕೊಟ್ಟ. ಹನ್ನೆರಡನೆಯ ವಾರಕ್ಕೆ ಕೈ ಚೊಕ್ಕವಾಯಿತು. ಡಾಕ್ಟರಮ್ಮ ಚರ್ಮ ತೆಗೆದುಕೊಂಡು ಕಳಿಸಿದಳು, ಭಾವ ಕತ್ತರಿ ಕೊಟ್ಟ. ಅವನು ಖುಷಿಗೆ ಅತ್ತೇಬಿಟ್ಟ.

ಐದು ತಿಂಗಳಿಗೆ ಹೊಟ್ಟು ಮರಳಿತು. ಭಾವ ಆಗಲೇ ಇನ್ನೊಬ್ಬನ ಕೈಗೆ ಕತ್ತರಿ ಕೊಟ್ಟು ಪರೀಕ್ಷಿಸುತ್ತಿದ್ದ. ಆಸ್ಪತ್ರೆಗೆ ಓಡಿದರೆ ಬೆಳಕಿನ ಕೋಣೆಯಲ್ಲಿ ಮುರಿದ ಮಂಚಗಳನ್ನು ಪೇರಿಸಿದ್ದರು. ಹನ್ನೊಂದು ಜನರಲ್ಲೂ ಪಟ್ಟಿಯ ಕೆಳಗಿನ ಚರ್ಮದಲ್ಲಿ ಆ ಅಣುಗಳು ಬೆಳಕು ಬಿದ್ದ ಕಡೆ ಇಳಿದಷ್ಟೇ ಇಳಿದಿದ್ದವು. ರೋಗ ತಾನಾಗಿ ಇಳಿದದ್ದು, ಬೆಳಕಿನಿಂದಲ್ಲ ಎಂದು ಡಾಕ್ಟರಮ್ಮ ವರದಿ ಬರೆದಿದ್ದಳು. ಯಂತ್ರವನ್ನು ವಾಪಸು ಸಾಗಿಸಿಯಾಗಿತ್ತು.

ಅವನು ಕೈಮುಗಿದು ಎಲ್ಲ ಒಪ್ಪಿಕೊಂಡ. ಆ ವರದಿಯ ಮೇಲೆಯೇ ಆಕೆಗೆ ಬಡ್ತಿ ಸಿಕ್ಕಿತ್ತು. ಎದ್ದು ಬಾಗಿಲು ಹಾಕಿ ಬಂದು ಕುಳಿತಳು.

“ಇದನ್ನ ಬೇರೆ ಯಾರಿಗಾದ್ರೂ ಹೇಳಿದೀರಾ?”

ಆ ಹತ್ತು ಜನರನ್ನು ಬಿಟ್ಟು ಬೇರಾರಿಗೂ ಇಲ್ಲವೆಂದ.

“ಹೇಳ್ಬೇಡಿ, ಯಾರೂ ನಂಬಲ್ಲ. ಹೋದ ಸಲ ಬೆಳಕಿಲ್ಲದೇನೇ ವಾಸಿಯಾಯ್ತಲ್ಲ, ಈ ಸಲಾನೂ ಆಗುತ್ತೆ,” ಎಂದು ಆಕೆ ಮುಂದಿನ ರೋಗಿಯನ್ನು ಕರೆದಳು.